ಹೃದಯಕ್ಕೆ ಲಿಪಿಯನ್ನು ಕೊಟ್ಟ ವಿಲೆಮ್ ಐಂಥೋವೆನ್

ಮಹನೀಯರ ಜೀವನ ಚರಿತ್ರೆಯನ್ನು ಬರೆಯಲು ಹೊರಟವರು ರಾಜರನ್ನೋ, ಕವಿಗಳನ್ನೋ, ದೇಶಭಕ್ತರನ್ನೋ ಆರಿಸಿಕೊಳ್ಳುವುದು ವಾಡಿಕೆ. ಬಿ.ಎ. ಅಂತಿಮ ವರ್ಷದಲ್ಲಿ ಓದುತ್ತಿರುವ ನಾನು, ಹಾಲೆಂಡಿನ ಒಬ್ಬ ಶರೀರಶಾಸ್ತ್ರಜ್ಞರ ಚರಿತ್ರೆಯನ್ನು ಆರಿಸಿಕೊಂಡದ್ದು ವಾಚಕರಿಗೆ ವಿಚಿತ್ರವಾಗಿ ತೋರಬಹುದು. ಇದಕ್ಕೆ ಕಾರಣವಾದ ಸಂಗತಿಯನ್ನು ಮೊದಲು ನಿವೇದಿಸಿಕೊಳ್ಳುತ್ತೇನೆ.

ಕಳೆದ ವರ್ಷ ಒಂದು ರಾತ್ರಿ ನಮ್ಮ ತಂದೆಯವರಿಗೆ ಎದೆನೋವು ಕಾಣಿಸಿಕೊಂಡಿತು. ಸಮೀಪದ ಊರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿ ತರಬೇತಿಯಲ್ಲಿದ್ದ, ನನ್ನಷ್ಟೇ ವಯಸ್ಸಿನ ಹುಡುಗನೊಬ್ಬ ಅವರ ಕೈಕಾಲುಗಳಿಗೆ ಕ್ಲಿಪ್ಪುಗಳನ್ನು ಕಚ್ಚಿಸಿ, ಎದೆಗೆ ರಬ್ಬರಿನ ಬುರುಡೆಗಳನ್ನು ಅಂಟಿಸಿ ಇ.ಸಿ.ಜಿ. ತೆಗೆದನು. ಆ ಕಾಗದವನ್ನು ಕಂಡ ವೈದ್ಯರ ಹುಬ್ಬು ಗಂಟಿಕ್ಕಿತು. ಅವರು ತಂತಿಗಳ ಕಡೆಗೆ ನೋಡಿ, ಎರಡು ಕೈಗಳ ತಂತಿಗಳು ಅದಲುಬದಲಾಗಿವೆಯೆಂದು ಹೇಳಿ, ಮತ್ತೊಮ್ಮೆ ತೆಗೆಯುವಂತೆ ಆಜ್ಞಾಪಿಸಿದರು. ಎರಡನೆಯ ಕಾಗದ ಬಂದಾಗ ಅವರ ಮುಖ ತಿಳಿಯಾಯಿತು. ಆದರೂ ರಾತ್ರಿಯೆಲ್ಲ ತಂದೆಯವರನ್ನು ಅಲ್ಲಿಯೇ ಇರಿಸಿಕೊಂಡು, ರಕ್ತಪರೀಕ್ಷೆ ಮಾಡಿ, ಬೆಳಗ್ಗೆ ಪುನಃ ಇ.ಸಿ.ಜಿ. ತೆಗೆಸಿ, ಹೃದಯಕ್ಕೆ ಅಪಾಯವಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಮನೆಗೆ ಕಳುಹಿಸಿದರು.

ಮನೆಗೆ ಬಂದೊಡನೆ ತಂದೆಯವರು ಆ ಕಾಗದಗಳನ್ನು ನನ್ನ ಕೈಗೆ ಕೊಟ್ಟು, ಅದರಲ್ಲಿ ಏನು ಬರೆದಿದೆಯೆಂದು ಓದಿ ಹೇಳುವಂತೆ ಕೇಳಿದರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲನ್ನು ಹತ್ತಿದವರು ನನಗಿಂತ ಮೊದಲು ಯಾರೂ ಇಲ್ಲ. ಪಹಣಿಯಿಂದ ಹಿಡಿದು ಬ್ಯಾಂಕಿನ ನೋಟೀಸಿನವರೆಗೆ ಮನೆಗೆ ಬಂದ ಕಾಗದವನ್ನೆಲ್ಲ ಓದಿ ಹೇಳುವುದು ನನ್ನ ಕೆಲಸ. ಆದರೆ ಆ ದಿನ ನನ್ನ ತಂದೆಯ ಹೃದಯವೇ ಬರೆದುಕೊಟ್ಟ ಕಾಗದದ ಒಂದಕ್ಷರವನ್ನೂ ಓದಲಾರದೆ ತಲೆ ತಗ್ಗಿಸಿದೆ. ಇ.ಸಿ.ಜಿ. ತಂತ್ರಜ್ಞೆಯಾಗಲು ತರಬೇತಿ ಪಡೆಯುತ್ತಿರುವ ನನ್ನ ತಂಗಿ ರಜೆಯಲ್ಲಿ ಬಂದಾಗ, ಎರಡು ಕಾಗದಗಳನ್ನೂ ದೀಪದ ಕೆಳಗೆ ಹರಡಿ ನನಗೆ ಅಕ್ಷರಾಭ್ಯಾಸ ಮಾಡಿಸಿದಳು. ಈ ಲಿಪಿಯನ್ನು ನಿರ್ಮಿಸಿದವರಾರು ಎಂಬ ಕುತೂಹಲ ಅಂದು ಹುಟ್ಟಿತು. ಅದರ ಫಲವೇ ಈ ಲೇಖನ.

ವಿಲೆಮ್ ಐಂಥೋವೆನ್ 1860ನೆಯ ಇಸವಿ ಮೇ 21ರಂದು ಜಾವಾ ದ್ವೀಪದ ಸೆಮರಾಂಗ್ ಪಟ್ಟಣದಲ್ಲಿ ಜನಿಸಿದರು. ಆಗ ಆ ದ್ವೀಪ ಡಚ್ಚರ ವಸಾಹತಾಗಿತ್ತು. ತಂದೆ ಯಾಕೋಬ್ ಅಲ್ಲಿ ವೈದ್ಯರು. ಆರು ಮಂದಿ ಮಕ್ಕಳಲ್ಲಿ ವಿಲೆಮ್ ಮೂರನೆಯವರು, ಗಂಡುಮಕ್ಕಳಲ್ಲಿ ಹಿರಿಯರು. ಅವರಿಗೆ ಆರು ವರ್ಷ ತುಂಬುವ ಹೊತ್ತಿಗೆ ತಂದೆ ತೀರಿಕೊಂಡರು. 1870ರಲ್ಲಿ ಆ ವಿಧವೆ ತಾಯಿ ಆರು ಮಕ್ಕಳನ್ನೂ ಕಟ್ಟಿಕೊಂಡು ಸಮುದ್ರ ದಾಟಿ ಹಾಲೆಂಡಿಗೆ ಬಂದು ಉಟ್ರೆಕ್ಟ್ ನಗರದಲ್ಲಿ ನೆಲೆಸಿದರು.

ತಂದೆಯ ವೃತ್ತಿಯನ್ನೇ ಹಿಡಿಯುವ ಆಸೆಯಿಂದ ವಿಲೆಮ್ 1878ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾನಿಲಯದ ವೈದ್ಯಕೀಯ ತರಗತಿಗೆ ಸೇರಿದರು. ಮುಂದೆ ವಸಾಹತಿನಲ್ಲಿ ಸೈನ್ಯದ ವೈದ್ಯನಾಗಿ ಸೇವೆ ಸಲ್ಲಿಸಬೇಕೆಂಬುದು ಅವರ ವ್ಯಾಸಂಗಕ್ಕೆ ಅಂಟಿಕೊಂಡಿದ್ದ ಕರಾರು. ಅವರು ಕೇವಲ ಪುಸ್ತಕದ ಹುಳುವಾಗಿರಲಿಲ್ಲ. ದೋಣಿ ಹುಟ್ಟುಹಾಕುವುದು, ಅಂಗಸಾಧನೆ, ಕತ್ತಿವರಸೆ ಇವುಗಳಲ್ಲಿ ಅವರಿಗೆ ಅತ್ಯಾಸಕ್ತಿ. ಉಟ್ರೆಕ್ಟಿನ ವಿದ್ಯಾರ್ಥಿಗಳ ದೋಣಿ ಸಂಘವನ್ನು ಸ್ಥಾಪಿಸಿದವರಲ್ಲಿ ಅವರೂ ಒಬ್ಬರು. ಒಮ್ಮೆ ವ್ಯಾಯಾಮ ಮಾಡುವಾಗ ಬಿದ್ದು ಮಣಿಕಟ್ಟು ಮುರಿಯಿತು. ಮನೆಯಲ್ಲಿ ಕುಳಿತ ಆ ದಿನಗಳಲ್ಲಿ ಅವರು ಮುಂಗೈ ಹೇಗೆ ತಿರುಗುತ್ತದೆ, ಮೊಣಕೈಯ ಕೀಲು ಹೇಗೆ ಕೆಲಸ ಮಾಡುತ್ತದೆ ಎಂದು ಯೋಚಿಸತೊಡಗಿದರು. ಅದೇ ಒಂದು ಸಂಶೋಧನಾ ಲೇಖನವಾಯಿತು! ಬಿದ್ದು ಕೈ ಮುರಿದುಕೊಂಡದ್ದರಿಂದಲೂ ವಿದ್ಯೆಯನ್ನು ಸಂಪಾದಿಸಿದ ಈ ವಿದ್ಯಾರ್ಥಿ ನಮಗೆಲ್ಲ ಮಾದರಿಯೆಂದರೆ ತಪ್ಪಾಗಲಾರದು.

1885ರಲ್ಲಿ ಐಂಥೋವೆನ್ ಡಾಕ್ಟರೇಟ್ ಪದವಿಯನ್ನು ಪಡೆದರು. ಬಣ್ಣಗಳ ವ್ಯತ್ಯಾಸದಿಂದ ಕಣ್ಣಿಗೆ ಆಳದ ಭಾವನೆ ಹೇಗೆ ಉಂಟಾಗುತ್ತದೆಯೆಂಬುದು ಅವರ ಪ್ರಬಂಧದ ವಿಷಯ. ಅದೇ ವರ್ಷ ಲೈಡನ್ ವಿಶ್ವವಿದ್ಯಾನಿಲಯ ಅವರನ್ನು ಶರೀರಶಾಸ್ತ್ರದ ಪ್ರಾಧ್ಯಾಪಕರನ್ನಾಗಿ ಆರಿಸಿತು. ಆಗ ಅವರ ವಯಸ್ಸು 25 ಮಾತ್ರ. ಸೈನ್ಯದ ಕರಾರಿನಿಂದ ಬಿಡುಗಡೆ ಹೊಂದಿ, ವೈದ್ಯಕೀಯದ ಕೊನೆಯ ಪರೀಕ್ಷೆಯನ್ನೂ ಮುಗಿಸಿಕೊಂಡು 1886ರಲ್ಲಿ ಅವರು ಆ ಪೀಠವನ್ನೇರಿದರು. ಅದೇ ವರ್ಷ ಅವರ ವಿವಾಹವೂ ನಡೆಯಿತು. ಅಲ್ಲಿಂದ ಮರಣದವರೆಗೆ, 41 ವರ್ಷಗಳ ಕಾಲ, ಅವರು ಲೈಡನ್ನನ್ನು ಬಿಟ್ಟು ಬೇರೆ ಪೀಠವನ್ನು ಬಯಸಲಿಲ್ಲ.

ಹೃದಯ ಪ್ರತಿ ಮಿಡಿತದಲ್ಲಿಯೂ ಒಂದಿಷ್ಟು ವಿದ್ಯುತ್ತನ್ನು ಹುಟ್ಟಿಸುತ್ತದೆಂಬುದು ಅಷ್ಟರಲ್ಲಿ ಗೊತ್ತಾಗಿತ್ತು. ಆದರೆ ಅದು ಚರ್ಮಕ್ಕೆ ಬಂದು ಮುಟ್ಟುವ ವೇಳೆಗೆ ವೋಲ್ಟಿನ ಸಾವಿರದಲ್ಲೊಂದು ಪಾಲಿನ ಆಸುಪಾಸಿನಲ್ಲಿರುತ್ತದೆ. ನಮ್ಮ ಕೈದೀಪದ ಒಂದು ಶೆಲ್ಲಿನ ಶಕ್ತಿಯನ್ನು 1500 ಪಾಲು ಮಾಡಿ ಅದರಲ್ಲಿ ಒಂದನ್ನು ತೆಗೆದುಕೊಂಡರೆ ಎಷ್ಟೋ ಅಷ್ಟು! 1887ರಲ್ಲಿ ಲಂಡನ್ನಿನ ಅಗಸ್ಟಸ್ ವಾಲರ್ ಎಂಬ ಶರೀರಶಾಸ್ತ್ರಜ್ಞರು ಎದೆಯನ್ನು ತೆರೆಯದೆ, ಹೊರಗಿನಿಂದಲೇ ಮನುಷ್ಯನ ಹೃದಯದ ವಿದ್ಯುತ್ತನ್ನು ಮೊಟ್ಟಮೊದಲಿಗೆ ದಾಖಲು ಮಾಡಿದರು. ಅವರು ಉಪಯೋಗಿಸಿದ ಉಪಕರಣವು ಸೂಕ್ಷ್ಮವಾದ ಗಾಜಿನ ಕೊಳವೆಯಲ್ಲಿ ಪಾದರಸವನ್ನು ತುಂಬಿದ ಒಂದು ವಿದ್ಯುನ್ಮಾಪಕ. ವಿದ್ಯುತ್ತು ತಾಗಿದಾಗ ಪಾದರಸ ಏರಿಳಿಯುತ್ತದೆ. ಆ ಏರಿಳಿತದ ನೆರಳನ್ನು ಓಡುವ ಛಾಯಾಚಿತ್ರ ಫಲಕದ ಮೇಲೆ ಹಿಡಿಯುತ್ತಾರೆ. ವಾಲರರು ತಮ್ಮ ಸಾಕುನಾಯಿ ಜಿಮ್ಮಿಯನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಕಾಲಿಡಿಸಿ ನಿಲ್ಲಿಸಿ ಈ ಪ್ರಯೋಗವನ್ನು ತೋರಿಸುತ್ತಿದ್ದರು. 1909ರಲ್ಲಿ ಇದು ಪ್ರಾಣಿಹಿಂಸೆಯಲ್ಲವೇ ಎಂಬ ಪ್ರಶ್ನೆ ಬ್ರಿಟಿಷ್ ಪಾರ್ಲಿಮೆಂಟಿನವರೆಗೂ ಹೋಯಿತಂತೆ. ಆಸ್ಪತ್ರೆಗಳಲ್ಲಿ ಇದರಿಂದ ವ್ಯಾಪಕವಾದ ಉಪಯೋಗವಾಗಲಾರದೆಂದೇ ವಾಲರರು ಭಾವಿಸಿದ್ದರು.

1889ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ ಶರೀರಶಾಸ್ತ್ರಜ್ಞರ ಪ್ರಥಮ ಅಂತರರಾಷ್ಟ್ರೀಯ ಸಮ್ಮೇಳನ ಸೇರಿತು. ಅಲ್ಲಿ ವಾಲರರ ಪ್ರಯೋಗವನ್ನು ಐಂಥೋವೆನ್ ಕಣ್ಣಾರೆ ಕಂಡರು. ಇತರರು ನೋಡಿ ಮೆಚ್ಚಿ ಮನೆಗೆ ಹೋದರೆ, ಇವರಿಗೆ ಅದರಲ್ಲಿದ್ದ ದೋಷ ಕಾಡತೊಡಗಿತು. ಪಾದರಸ ಭಾರವಾದ ವಸ್ತು. ಹೃದಯ ಹೇಳಿದ ವೇಗಕ್ಕೆ ಅದು ಓಡಲಾರದು. ತಡವಾಗಿ ಏಳುತ್ತದೆ, ತಡವಾಗಿ ಇಳಿಯುತ್ತದೆ. ಆದುದರಿಂದ ಫಲಕದ ಮೇಲೆ ಬಿದ್ದ ಗೆರೆ ಹೃದಯದ ನಿಜವಾದ ಮಾತಲ್ಲ; ಮಂದಗತಿಯ ಲಿಪಿಕಾರನೊಬ್ಬ ತಪ್ಪುತಪ್ಪಾಗಿ ಬರೆದುಕೊಂಡದ್ದು. ಐಂಥೋವೆನ್ ಗಣಿತದ ಮೊರೆಹೊಕ್ಕರು. ಪಾದರಸ ಎಷ್ಟು ತಪ್ಪು ಬರೆಯುತ್ತದೆಂಬುದನ್ನು ಅಳೆದು, ಗೆರೆಯ ಒಂದೊಂದು ಬಿಂದುವನ್ನೂ ಲೆಕ್ಕ ಹಾಕಿ ತಿದ್ದಿ, ಹೃದಯ ನಿಜವಾಗಿ ಬರೆದಿರಬೇಕಾದ ಗೆರೆಯನ್ನು ಕಂಡುಹಿಡಿದರು.

ತಿದ್ದದ ಗೆರೆಯ ಅಲೆಗಳಿಗೆ ಎ, ಬಿ, ಸಿ, ಡಿ ಎಂಬ ಹೆಸರುಗಳಿದ್ದವು. ಗೊಂದಲವಾಗಬಾರದೆಂದು ತಿದ್ದಿದ ಗೆರೆಯ ಐದು ಅಲೆಗಳಿಗೆ 1895ರಲ್ಲಿ ಅವರು ಪಿ, ಕ್ಯೂ, ಆರ್, ಎಸ್, ಟಿ ಎಂಬ ಹೆಸರುಗಳನ್ನಿಟ್ಟರು. ಇಂದಿಗೂ ಪ್ರಪಂಚದ ಎಲ್ಲ ಆಸ್ಪತ್ರೆಗಳಲ್ಲಿಯೂ ಇವೇ ಅಕ್ಷರಗಳು. ಹೃದಯದ ಮೇಲಿನ ಕೋಣೆಗಳಾದ ಹೃತ್ಕರ್ಣಗಳಲ್ಲಿ ವಿದ್ಯುತ್ತು ಹರಡುವಾಗ ಮೂಡುವ ಸಣ್ಣ ದಿಬ್ಬವೇ ಪಿ. ಕೆಳಗಿನ ದೊಡ್ಡ ಕೋಣೆಗಳಾದ ಹೃತ್ಕುಕ್ಷಿಗಳಲ್ಲಿ ಹರಡುವಾಗ ಮೂಡುವ ಚೂಪಾದ ಗೋಪುರವೇ ಕ್ಯೂ-ಆರ್-ಎಸ್. ಆ ಕೋಣೆಗಳು ಪುನಃ ಅಣಿಯಾಗುವಾಗ ಮೂಡುವ ದುಂಡನೆಯ ಅಲೆಯೇ ಟಿ.

ಆದರೆ ಪ್ರತಿಯೊಬ್ಬ ರೋಗಿಗೂ ಹೀಗೆ ಲೆಕ್ಕ ಹಾಕುತ್ತ ಕುಳಿತರೆ ವೈದ್ಯಕೀಯ ನಡೆಯುವುದೆಂತು? ತಪ್ಪನ್ನು ತಿದ್ದುವುದಕ್ಕಿಂತ ತಪ್ಪು ಬರೆಯದ ಲೇಖನಿಯನ್ನೇ ಮಾಡಬೇಕೆಂದು ಅವರು ನಿಶ್ಚಯಿಸಿದರು. 1901ರಲ್ಲಿ ಪ್ರಕಟವಾದ ತಂತು ಗ್ಯಾಲ್ವನೋಮೀಟರ್ ಆ ನಿಶ್ಚಯದ ಫಲ. ಕ್ವಾರ್ಟ್ಸ್ ಕಲ್ಲನ್ನು ಕರಗಿಸಿ, ಅದನ್ನು ಬಾಣದ ಬಾಲಕ್ಕೆ ಅಂಟಿಸಿ, ಬಿಲ್ಲಿಗೆ ಹೂಡಿ ಬಿಡುವರು. ಬಾಣ ಓಡಿದ ದಾರಿಯಲ್ಲಿ ಕಣ್ಣಿಗೆ ಕಾಣದಷ್ಟು ತೆಳ್ಳನೆಯ ಎಳೆ ಉಳಿಯುವುದು. ಅದಕ್ಕೆ ಬೆಳ್ಳಿಯ ಲೇಪ ಕೊಟ್ಟು, ಬಲವಾದ ವಿದ್ಯುದಯಸ್ಕಾಂತದ ಎರಡು ಧ್ರುವಗಳ ನಡುವೆ ಬಿಗಿದು ನಿಲ್ಲಿಸುವರು. ಹೃದಯದ ವಿದ್ಯುತ್ತು ಎಳೆಯಲ್ಲಿ ಹರಿದಾಗ ಅದು ಪಕ್ಕಕ್ಕೆ ಸರಿಯುತ್ತದೆ. ಆ ಸರಿತವನ್ನು ಸೂಕ್ಷ್ಮದರ್ಶಕದಿಂದ ಹಿಗ್ಗಿಸಿ, ನೆರಳನ್ನು ಓಡುವ ಫಲಕದ ಮೇಲೆ ಬೀಳಿಸಿದರೆ ಹೃದಯದ ಬರಹ ಸಿದ್ಧ. ಎಳೆಗೆ ಭಾರವೇ ಇಲ್ಲವೆಂಬಷ್ಟು ಕಡಿಮೆಯಾದುದರಿಂದ ಅದು ಹೃದಯದ ವೇಗಕ್ಕೆ ಸಮನಾಗಿ ಓಡಿತು. ಹೊಸ ಯಂತ್ರದಿಂದ ಬಂದ ಗೆರೆಯನ್ನು ತಾವು ಮೊದಲು ಲೆಕ್ಕ ಹಾಕಿ ಬರೆದಿದ್ದ ಗೆರೆಯೊಡನೆ ಹೋಲಿಸಿದರೆ ಎರಡೂ ಹೊಂದಿಕೊಂಡವು! ಇದಕ್ಕಿಂತ ದೊಡ್ಡ ಸಂತೋಷ ವಿಜ್ಞಾನಿಗೆ ಯಾವುದಿದ್ದೀತು? ಇಂಥದೇ ತಂತಿಯ ಉಪಕರಣವನ್ನು 1897ರಲ್ಲಿ ಫ್ರಾನ್ಸಿನ ಕ್ಲೆಮೆಂಟ್ ಆದೆರ್ ಎಂಬ ಇಂಜಿನಿಯರರು ಸಮುದ್ರದಡಿಯ ಟೆಲಿಗ್ರಾಫಿಗಾಗಿ ಮಾಡಿದ್ದರು. ಅದನ್ನು ಐಂಥೋವೆನ್ ಮುಚ್ಚಿಡದೆ ಒಪ್ಪಿಕೊಂಡರು. ಆದರೆ ಹೃದಯದ ಪಿಸುಮಾತನ್ನು ಕೇಳಬಲ್ಲ ಸೂಕ್ಷ್ಮತೆ ಬಂದದ್ದು ಇವರ ಕೈಯಲ್ಲಿಯೇ.

ಆ ಯಂತ್ರದ ಗಾತ್ರವನ್ನು ಕೇಳಿದರೆ ಇಂದಿನವರಿಗೆ ನಗು ಬಂದೀತು. ತೂಕ ಸುಮಾರು 270 ಕಿಲೋಗ್ರಾಂ. ಎರಡು ಕೋಣೆಗಳನ್ನು ಅದು ಆಕ್ರಮಿಸಿತ್ತು. ನಡೆಸಲು ಐದು ಮಂದಿ ಬೇಕಾಗಿತ್ತು. ಅಯಸ್ಕಾಂತ ಕಾಯದಂತೆ ಸದಾ ನೀರು ಹರಿಸಬೇಕಾಗಿತ್ತು. ರೋಗಿ ಎರಡು ಕೈಗಳನ್ನೂ ಎಡಗಾಲನ್ನೂ ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಅಲುಗಾಡದೆ ಕುಳಿತಿರಬೇಕು. ಇಂಥ ಯಂತ್ರವನ್ನು ಆಸ್ಪತ್ರೆಗೆ ಒಯ್ಯುವಂತಿಲ್ಲ. ಹಾಸಿಗೆ ಹಿಡಿದ ರೋಗಿಯನ್ನು ಪ್ರಯೋಗಾಲಯಕ್ಕೆ ತರುವಂತಿಲ್ಲ. 1905ನೆಯ ಮಾರ್ಚಿ ತಿಂಗಳಲ್ಲಿ ಐಂಥೋವೆನ್ ಒಂದು ಉಪಾಯವನ್ನು ಕಂಡುಕೊಂಡರು. ಒಂದೂವರೆ ಕಿಲೋಮೀಟರು ದೂರದ ಆಸ್ಪತ್ರೆಯಿಂದ ತಮ್ಮ ಪ್ರಯೋಗಾಲಯದವರೆಗೆ ಟೆಲಿಫೋನ್ ತಂತಿಯ ಮೂಲಕ ರೋಗಿಯ ಹೃದಯದ ವಿದ್ಯುತ್ತನ್ನೇ ತರಿಸಿಕೊಂಡರು! ಮರುವರ್ಷವೇ ಹೀಗೆ ಸಂಗ್ರಹಿಸಿದ ರೋಗಿಗಳ ಲೇಖಗಳನ್ನು ಪ್ರಕಟಿಸಿ, ಯಾವ ಕಾಯಿಲೆಯಲ್ಲಿ ಗೆರೆ ಹೇಗೆ ಕೆಡುತ್ತದೆಂಬುದನ್ನು ತೋರಿಸಿದರು.

ಲೇಖನಿ ಸಿದ್ಧವಾದರೆ ಸಾಲದು. ಎಲ್ಲರೂ ಒಂದೇ ಅಳತೆಯಲ್ಲಿ ಬರೆಯಬೇಕು. ಇಲ್ಲವಾದರೆ ಲೈಡನ್ನಿನ ಬರಹವನ್ನು ಲಂಡನ್ನಿನವರು ಓದಲಾರರು. ಒಂದು ಮಿಲಿವೋಲ್ಟಿಗೆ ಒಂದು ಸೆಂಟಿಮೀಟರು ಎತ್ತರ, ಒಂದು ಸೆಕೆಂಡಿಗೆ 25 ಮಿಲಿಮೀಟರು ಉದ್ದ ಎಂಬ ಅಳತೆಯನ್ನು 1903ರಲ್ಲಿ ಅವರು ಸೂಚಿಸಿದರು. ನನ್ನ ತಂಗಿ ಮೊದಲು ತೋರಿಸಿಕೊಟ್ಟದ್ದು ಇದನ್ನೇ. ತಂದೆಯವರ ಕಾಗದದ ಒಂದು ಸಣ್ಣ ಚೌಕವೆಂದರೆ 0.04 ಸೆಕೆಂಡು, ಐದು ಸಣ್ಣ ಚೌಕ ಸೇರಿದ ದೊಡ್ಡ ಚೌಕವೆಂದರೆ 0.20 ಸೆಕೆಂಡು. ಮಿಡಿತ ಕ್ರಮವಾಗಿದ್ದರೆ, ಒಂದು ಆರ್ ಗೋಪುರದಿಂದ ಮತ್ತೊಂದರವರೆಗೆ ಎಷ್ಟು ದೊಡ್ಡ ಚೌಕಗಳಿವೆಯೆಂದು ಎಣಿಸಿ, 300ನ್ನು ಅದರಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಮಿಡಿತವೆಂಬುದು ತಿಳಿಯುತ್ತದೆ. ತಂದೆಯವರದು ನಾಲ್ಕು ಚೌಕ, ಎಂದರೆ 75. ಪಿ ಅಲೆಯ ಆರಂಭದಿಂದ ಗೋಪುರದ ಆರಂಭದವರೆಗೆ ಮೂರರಿಂದ ಐದು ಸಣ್ಣ ಚೌಕಗಳಿರಬೇಕು. ಗೋಪುರದ ಅಗಲ ಮೂರು ಸಣ್ಣ ಚೌಕಗಳಿಗಿಂತ ಕಡಿಮೆಯಿರಬೇಕು. ಕಾಗದದ ಅಂಚಿನಲ್ಲಿ ಹತ್ತು ಮಿಲಿಮೀಟರು ಎತ್ತರದ ಚೌಕಾಕಾರದ ಗುರುತು ಇದೆಯೇ ಎಂದು ಮೊದಲೇ ನೋಡಬೇಕು. ಅದು ಯಂತ್ರ ಸರಿಯಾದ ಅಳತೆಯಲ್ಲಿ ಬರೆದಿದೆಯೆಂಬುದಕ್ಕೆ ಸಾಕ್ಷಿ.

1912ರಲ್ಲಿ ಐಂಥೋವೆನ್ ಈ ಬರಹಕ್ಕೆ ಒಂದು ವ್ಯಾಕರಣವನ್ನೂ ಕೊಟ್ಟರು. ಬಲಗೈ, ಎಡಗೈ, ಎಡಗಾಲು ಈ ಮೂರನ್ನು ಸಮಬಾಹು ತ್ರಿಕೋನದ ಮೂರು ಮೂಲೆಗಳೆಂದೂ, ಹೃದಯ ಅದರ ನಡುವೆ ಇದೆಯೆಂದೂ ಭಾವಿಸಬೇಕು. ಬಲಗೈಯಿಂದ ಎಡಗೈಗೆ ನೋಡುವುದು ಒಂದನೆಯ ಲೀಡು. ಬಲಗೈಯಿಂದ ಎಡಗಾಲಿಗೆ ಎರಡನೆಯದು. ಎಡಗೈಯಿಂದ ಎಡಗಾಲಿಗೆ ಮೂರನೆಯದು. ಒಂದನೆಯದನ್ನೂ ಮೂರನೆಯದನ್ನೂ ಕೂಡಿದರೆ ಎರಡನೆಯದು ಬರುತ್ತದೆ. ಒಂದೇ ದೇವಾಲಯವನ್ನು ಮೂರು ಬಾಗಿಲುಗಳಿಂದ ನೋಡಿದಂತೆ, ಒಂದೇ ಹೃದಯವನ್ನು ಮೂರು ಕಡೆಗಳಿಂದ ನೋಡುವ ಕ್ರಮವಿದು. ನಮ್ಮ ತಂದೆಯವರ ಮೊದಲ ಕಾಗದದ ರಹಸ್ಯ ನನಗೆ ಬಿಡಿಸಿದ್ದು ಈ ತ್ರಿಕೋನದಿಂದಲೇ. ಎರಡು ಕೈಗಳ ತಂತಿಗಳು ಅದಲುಬದಲಾದುದರಿಂದ ಒಂದನೆಯ ಲೀಡಿನಲ್ಲಿ ಪಿ, ಆರ್, ಟಿ ಎಲ್ಲವೂ ತಲೆಕೆಳಗಾಗಿದ್ದವು. ಎರಡನೆಯದರ ಜಾಗದಲ್ಲಿ ಮೂರನೆಯದು ಬಂದು ಕುಳಿತಿತ್ತು. ಹೃದಯವೇ ಎದೆಯ ಬಲಭಾಗದಲ್ಲಿರುವ ಅಪರೂಪದ ಜನರಲ್ಲಿಯೂ ಒಂದನೆಯ ಲೀಡು ಹೀಗೆಯೇ ಕಾಣುತ್ತದೆಯಂತೆ. ಆದರೆ ಅಂಥವರಲ್ಲಿ ಎದೆಯ ಲೀಡುಗಳಲ್ಲಿಯೂ ಆರ್ ಗೋಪುರ ಕ್ರಮವಾಗಿ ಬೆಳೆಯುವುದಿಲ್ಲ. ತಂದೆಯವರ ಕಾಗದದಲ್ಲಿ ಎದೆಯ ಲೀಡುಗಳು ನೆಟ್ಟಗಿದ್ದವು. ಕೆಟ್ಟದ್ದು ಹೃದಯವಲ್ಲ, ತಂತಿಯೆಂದು ವೈದ್ಯರಿಗೆ ಹೊಳೆದದ್ದು ಹೀಗೆ.

ಎದೆಯ ಮೇಲಿನ ಲೀಡುಗಳು ಐಂಥೋವೆನ್ನರ ಕಾಲದ ಅನಂತರ ಬಂದವು. ಅಮೆರಿಕದ ಫ್ರಾಂಕ್ ವಿಲ್ಸನ್ ಅವರ ಶ್ರಮದಿಂದ ಅವು ಬೆಳೆದು, 1938ರಲ್ಲಿ ಅವುಗಳ ಸ್ಥಾನಗಳು ನಿಗದಿಯಾದವು. 1942ರಲ್ಲಿ ಗೋಲ್ಡ್‌ಬರ್ಗರ್ ಎಂಬವರು ಕೈಕಾಲುಗಳ ಇನ್ನೂ ಮೂರು ಲೀಡುಗಳನ್ನು ಸೇರಿಸಿದರು. ಹೀಗೆ ಮೂರು ಬಾಗಿಲುಗಳು ಹನ್ನೆರಡಾದವು. ಬಲಗೈಗೆ ಕೆಂಪು, ಎಡಗೈಗೆ ಹಳದಿ, ಎಡಗಾಲಿಗೆ ಹಸಿರು, ಬಲಗಾಲಿಗೆ ಕಪ್ಪು ಎಂದು ನನ್ನ ತಂಗಿ ಮಗ್ಗಿಯಂತೆ ಬಾಯಿಪಾಠ ಮಾಡುತ್ತಾಳೆ. ಎದೆಯ ಮೂಳೆಯ ಮೇಲಿನ ಉಬ್ಬನ್ನು ಬೆರಳಿನಿಂದ ತಡವಿ, ಅದರ ಪಕ್ಕದ ಎರಡನೆಯ ಪಕ್ಕೆಲುಬಿನಿಂದ ಕೆಳಕ್ಕೆ ಎಣಿಸಿ, ನಾಲ್ಕನೆಯ ಸಂದಿನಲ್ಲಿ ಬಲಕ್ಕೆ ವಿ-1, ಎಡಕ್ಕೆ ವಿ-2. ಐದನೆಯ ಸಂದಿನಲ್ಲಿ ಕೊರಳೆಲುಬಿನ ನಡುವಿನ ನೇರಕ್ಕೆ ವಿ-4. ಅದನ್ನು ಇಟ್ಟ ಮೇಲೆಯೇ ನಡುವೆ ವಿ-3. ವಿ-4ರ ಮಟ್ಟದಲ್ಲಿಯೇ ಕಂಕುಳಿನ ಮುಂಭಾಗದ ನೇರಕ್ಕೆ ವಿ-5, ನಡುಭಾಗದ ನೇರಕ್ಕೆ ವಿ-6. ಚರ್ಮ ಶುಚಿಯಾಗಿರಬೇಕು. ರೋಗಿ ಚಳಿಯಿಂದಲೋ ಭಯದಿಂದಲೋ ನಡುಗುತ್ತಿದ್ದರೆ ಗೆರೆಯೂ ನಡುಗುತ್ತದೆ. ಆದುದರಿಂದ ಮೊದಲು ಅವನಿಗೆ ಧೈರ್ಯ ಹೇಳಬೇಕು. ಹೆಸರು, ದಿನಾಂಕ, ಗಂಟೆ ಬರೆಯದ ಕಾಗದ ವಿಳಾಸವಿಲ್ಲದ ಪತ್ರದಂತೆ. ಇವೆಲ್ಲ ಸಣ್ಣ ಕೆಲಸಗಳೆಂದು ತೋರಬಹುದು. ಆದರೆ ಪಾದರಸದ ಸಣ್ಣ ತಪ್ಪನ್ನು ಸಹಿಸದೆ ವರ್ಷಗಟ್ಟಲೆ ದುಡಿದವರ ಕಥೆಯನ್ನು ಓದಿದ ಮೇಲೆ ಯಾವುದನ್ನೂ ಸಣ್ಣದೆನ್ನಲು ನನಗೆ ಬಾಯಿ ಬರುವುದಿಲ್ಲ.

ಯಂತ್ರವನ್ನು ತಯಾರಿಸಿ ಮಾರುವ ವಿಷಯದಲ್ಲಿ ಐಂಥೋವೆನ್ನರಿಗೂ ಮ್ಯೂನಿಕ್ಕಿನ ಎಡೆಲ್‌ಮನ್ ಎಂಬ ತಯಾರಕರಿಗೂ ಗೌರವಧನದ ಕುರಿತು ವಿರಸ ಬಂದಿತು. ಆಮೇಲೆ ಕೇಂಬ್ರಿಜಿನ ಉಪಕರಣ ಸಂಸ್ಥೆಯೊಂದು ಅದನ್ನು ಕೈಗೊಂಡಿತು. ವಿಖ್ಯಾತ ಚಾರ್ಲ್ಸ್ ಡಾರ್ವಿನ್ನರ ಮಗ ಹೊರೇಸ್ ಡಾರ್ವಿನ್ ಅದರ ಮುಖ್ಯಸ್ಥರು. ಯಂತ್ರ ಮೇಜಿನ ಮೇಲೆ ಇಡುವಷ್ಟಕ್ಕೆ ಇಳಿಯಿತು. ಲಂಡನ್ನಿನ ತರುಣ ವೈದ್ಯ ಥಾಮಸ್ ಲೂಯಿಸ್ ಅದರಿಂದ ಹೃದಯದ ಅಕ್ರಮ ಮಿಡಿತಗಳನ್ನು ವರ್ಗೀಕರಿಸಿ ವೈದ್ಯಲೋಕದ ಕಣ್ತೆರೆಸಿದರು. ಐಂಥೋವೆನ್ನರು ಅಸೂಯೆಪಡಲಿಲ್ಲ. ನೊಬೆಲ್ ಉಪನ್ಯಾಸದಲ್ಲಿ ಲೂಯಿಸರ ಋಣವನ್ನು ಮುಕ್ತಕಂಠದಿಂದ ಸ್ಮರಿಸಿದರು.

1924ರ ನೊಬೆಲ್ ಬಹುಮಾನದ ಸುದ್ದಿ ಬಂದಾಗ ಅವರು ಅಮೆರಿಕದಲ್ಲಿ ಉಪನ್ಯಾಸ ಪ್ರವಾಸದಲ್ಲಿದ್ದರು. ಈ ಬಹುಮಾನದ ಹಣದ ಬಗ್ಗೆ ಒಂದು ಕಥೆಯನ್ನು ಹೇಳುತ್ತಾರೆ. ಪ್ರಯೋಗಾಲಯದಲ್ಲಿ ವಾನ್ ಡೆರ್ ವೂರ್ಡ್ ಎಂಬ ಕುಶಲಕರ್ಮಿ ಯಂತ್ರದ ನಿರ್ಮಾಣದಲ್ಲಿ ಅವರಿಗೆ ಬಹಳ ಕಾಲ ನೆರವಾಗಿದ್ದನಂತೆ. ಬಹುಮಾನ ಬಂದಾಗ ಅದರಲ್ಲಿ ಅವನಿಗೂ ಪಾಲು ಸಲ್ಲಬೇಕೆಂದು ಐಂಥೋವೆನ್ ಹುಡುಕಿಸಿದರು. ಅಷ್ಟರಲ್ಲಿ ಅವನು ತೀರಿಹೋಗಿದ್ದನು. ಬಡತನದಲ್ಲಿದ್ದ ಅವನ ಇಬ್ಬರು ಸೋದರಿಯರನ್ನು ಪತ್ತೆಮಾಡಿ, ಹಣದ ಅರ್ಧವನ್ನು ಅವರಿಗೆ ಕೊಟ್ಟರಂತೆ. ಇಡೀ ಚರಿತ್ರೆಯಲ್ಲಿ ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಹಿಡಿದದ್ದು ಈ ಕಥೆ. ಪ್ರಾಧ್ಯಾಪಕನ ಹೆಸರು ಪುಸ್ತಕಕ್ಕೆ ಹೋಗುತ್ತದೆ. ಸಹಾಯಕನ ಹೆಸರನ್ನು ನೆನೆಯುವವರಾರು?

ಕೊನೆಗಾಲದಲ್ಲಿ ಅವರು ಇಂಜಿನಿಯರಾಗಿದ್ದ ತಮ್ಮ ಮಗನ ಜೊತೆಗೂಡಿ, ಇನ್ನೂ ತೆಳ್ಳನೆಯ ತಂತುವನ್ನು ನಿರ್ವಾತದಲ್ಲಿಟ್ಟು ರೇಡಿಯೋ ಸಂದೇಶಗಳನ್ನು ಹಿಡಿಯುವ ಪ್ರಯೋಗದಲ್ಲಿ ತೊಡಗಿದ್ದರು. ಆ ಸಂದೇಶಗಳು ಬರುತ್ತಿದ್ದುದು ಅವರು ಹುಟ್ಟಿದ ಜಾವಾ ದ್ವೀಪದಿಂದ! ಬಹುಕಾಲದ ಅಸ್ವಾಸ್ಥ್ಯದ ತರುವಾಯ 1927ನೆಯ ಸೆಪ್ಟೆಂಬರಿನಲ್ಲಿ ಐಂಥೋವೆನ್ ಲೈಡನ್ನಿನಲ್ಲಿ ಗತಿಸಿದರು. ಆಗ ಅವರಿಗೆ 67 ವರ್ಷ.

ಇಂದು ಇ.ಸಿ.ಜಿ. ಯಂತ್ರ ಒಬ್ಬರು ಕೈಯಲ್ಲಿ ಹಿಡಿದು ನಡೆಯುವಷ್ಟು ಚಿಕ್ಕದಾಗಿದೆ. ತಂತುವೂ ಇಲ್ಲ, ಉಪ್ಪುನೀರಿನ ಪಾತ್ರೆಯೂ ಇಲ್ಲ. ಆದರೆ ಅಕ್ಷರಗಳು ಅವೇ, ಅಳತೆ ಅದೇ, ತ್ರಿಕೋನವೂ ಅದೇ. ಸರಿಯಾಗಿ ಓದಬೇಕಾದರೆ ಮೊದಲು ಸರಿಯಾಗಿ ಬರೆದಿರಬೇಕೆಂಬ ಅವರ ಜೀವನದ ಪಾಠವೂ ಅದೇ. ಆ ರಾತ್ರಿ ತಂತಿ ತಪ್ಪಿಸಿದ ಹುಡುಗನ ಮೇಲೆ ನನಗೆ ಮೊದಲು ಕೋಪ ಬಂದಿತ್ತು. ಈಗ ಇಲ್ಲ. ಮರುಮಾತಾಡದೆ ತಂತಿಗಳನ್ನು ಬದಲಿಸಿ, ಎರಡನೆಯ ಸಲ ಒಂದೊಂದನ್ನೂ ಮುಟ್ಟಿ ಮುಟ್ಟಿ ನೋಡಿದನಲ್ಲ, ಅವನೂ ಇನ್ನು ಜನ್ಮಪರ್ಯಂತ ಆ ತಪ್ಪನ್ನು ಮಾಡಲಾರನು.

ಆ ಕಾಗದಗಳನ್ನು ನಮ್ಮ ತಂದೆಯವರು ಜಮೀನಿನ ಪತ್ರಗಳೊಡನೆ ಟ್ರಂಕಿನಲ್ಲಿ ಇಟ್ಟಿದ್ದಾರೆ. ಶಾಲೆಯ ಮುಖವನ್ನೇ ಕಾಣದ ಅವರು ಈಗ ಆರ್ ಗೋಪುರದ ಮೇಲೆ ಬೆರಳಿಟ್ಟು ಚೌಕಗಳನ್ನು ಎಣಿಸಬಲ್ಲರು. ನಾಲ್ಕು ಎಂದು ಹೇಳಿ ನಗುತ್ತಾರೆ. ಅದಕ್ಕಿಂತ ಹೆಚ್ಚಿನದನ್ನು ಓದುವುದು ವೈದ್ಯರ ಕೆಲಸವೆಂಬುದನ್ನು ನಾನೂ ಬಲ್ಲೆ, ಅವರೂ ಬಲ್ಲರು. ಕೇಳಿದ ಪ್ರಶ್ನೆಗೆ ಒಂದು ವರ್ಷ ತಡವಾಗಿಯಾದರೂ ಉತ್ತರ ಕೊಟ್ಟೆನೆಂಬ ತೃಪ್ತಿ ನನಗಿದೆ.